ಸೌತ್ ಬೆಂಡ್‌ನ ಸ್ಟುಡಿಬೇಕರ್ ಮ್ಯೂಸಿಯಂ: ಕುದುರೆ ಗಾಡಿಯಿಂದ ಕಾರಿಗೆ ದಾಟಿದ ಕಂಪನಿ, ದಾಟಿದ ಮೇಲೆ ಮುಳುಗಿದ ಕಂಪನಿ

ಚಿಕಾಗೋ ಸುತ್ತಮುತ್ತ ಇರೋ ನಮ್ಮೋರಿಗೆ ಊರಿಂದ ಯಾರಾದ್ರೂ ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅನ್ನೋ ಲಿಸ್ಟ್ ಫಿಕ್ಸ್ ಆಗೋಗಿದೆ, ಡೌನ್‌ಟೌನ್, ನೇವಿ ಪಿಯರ್, ಲೆಮಾಂಟ್ ರಾಮನ ಗುಡಿ, ಅರೋರಾ ಬಾಲಾಜಿ, ಮುಗೀತು. ಈ ಲಿಸ್ಟಿಗೆ ಇನ್ನೊಂದು ಜಾಗ ಸೇರಿಸ್ಕೊಳ್ಳಿ ಅಂತ ಹೇಳೋಕೇ ಬರೀತಿದೀನಿ: ಇಂಡಿಯಾನಾದ ಸೌತ್ ಬೆಂಡ್‌ನಲ್ಲಿರೋ ಸ್ಟುಡಿಬೇಕರ್ ನ್ಯಾಷನಲ್ ಮ್ಯೂಸಿಯಂ. ಟ್ರಾಫಿಕ್ ಇಲ್ದಿದ್ರೆ ಎರಡು ಗಂಟೆ ಡ್ರೈವ್. ಕಾರ್ ಹುಚ್ಚು ಇಲ್ದೇ ಇರೋರೂ ಹೋಗ್ಬೇಕಾದ ಜಾಗ ಇದು, ಯಾಕಂದ್ರೆ ಇಲ್ಲಿ ಇರೋದು ಬರೀ ಹೊಳೆಯೋ ಹಳೇ ಕಾರುಗಳಲ್ಲ, ನೂರು ವರ್ಷಕ್ಕಿಂತ ಜಾಸ್ತಿ ಬಾಳಿದ ಒಂದು ಕಂಪನಿ ಹೆಂಗೆ ಎದ್ದು ಹೆಂಗೆ ಬಿತ್ತು ಅನ್ನೋದು ಮಹಡಿ ಮಹಡಿಯಾಗಿ ಕಣ್ಣಿಗೆ ಕಾಣುತ್ತೆ.

ನಾನು ಹೋದಾಗ ಜೊತೆಗೆ ನಮ್ ಚಿಕ್ಕಪ್ಪ ಇದ್ರು. ಬೆಂಗಳೂರಲ್ಲಿ ಒಂದು ದೊಡ್ಡ ಫ್ಯಾಕ್ಟರಿ ಟೂಲ್ ರೂಮಲ್ಲಿ ಇಡೀ ಸರ್ವೀಸ್ ಕಳೆದೋರು, ಫ್ಯಾಕ್ಟರಿ ಬಾಗಿಲು ಹಾಕೋ ಹೊತ್ತಿಗೆ ವಿಆರ್‌ಎಸ್ ತಗೊಂಡೋರು. ಅವರ ಜೊತೆ ನೋಡಿದ್ರಿಂದ ನಾನೊಬ್ನೇ ಹೋಗಿದ್ರೆ ಗಮನಿಸದೇ ಇರ್ತಿದ್ದ ಎಷ್ಟೋ ವಿಷಯ ಗೊತ್ತಾಯ್ತು.

ಒಳಗೆ ಹೋದ ತಕ್ಷಣ ಸಿಗೋದು ಕಾರಲ್ಲ, ಗಾಡಿಗಳು. ಕಾನೆಸ್ಟೋಗಾ ಅಂತಾರಲ್ಲ, ದೋಣಿ ತರ ಎರಡೂ ತುದಿ ಮೇಲೆದ್ದಿರೋ ದೊಡ್ಡ ಮುಚ್ಚಿದ ಗಾಡಿ, ಅದು ಇದೆ. ಈ ಸ್ಟುಡಿಬೇಕರ್ ಮನೆತನದೋರು ಮೂಲತಃ ಕಮ್ಮಾರರು, ಗಾಡಿ ಕಟ್ಟೋರು. 1852ರಲ್ಲಿ ಹೆನ್ರಿ, ಕ್ಲೆಮೆಂಟ್ ಅನ್ನೋ ಅಣ್ಣತಮ್ಮ ಇಬ್ರು ಸೌತ್ ಬೆಂಡ್‌ನಲ್ಲಿ ಕುಲುಮೆ ಹಾಕಿದ್ರು, ಕೈಯಲ್ಲಿದ್ದ ಬಂಡವಾಳ 68 ಡಾಲರ್. ಅವರ ತಮ್ಮ ಜಾನ್ ಅದೇ ಟೈಮಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಗೆ ಹೋದ, ಆದ್ರೆ ಅಲ್ಲಿ ಹೋಗಿ ಚಿನ್ನ ಅಗೀಲಿಲ್ಲ, ಪ್ಲಾಸರ್ವಿಲ್ ಅನ್ನೋ ಊರಲ್ಲಿ ಕೂತ್ಕೊಂಡು ಅಗೆಯೋರಿಗೆ ಮಣ್ಣು ಸಾಗ್ಸೋ ಒಂಟಿ ಗಾಲಿ ತಳ್ಳುಗಾಡಿ ಮಾಡಿ ಮಾರಿದ, 1858ರಲ್ಲಿ 8,000 ಡಾಲರ್ ಗಂಟು ಕಟ್ಕೊಂಡು ವಾಪಸ್ ಬಂದು ಅಣ್ಣಂದಿರ ಗಾಡಿ ಕಾರ್ಖಾನೆಗೆ ಹಾಕ್ದ. ಕಂಪನಿ ನಿಜವಾಗ್ಲೂ ಬೆಳೆದಿದ್ದು ಆ ದುಡ್ಡಿಂದ. ಆಮೇಲೆ ಅಮೆರಿಕದ ಅಂತರ್ಯುದ್ಧ ಬಂತು, ಉತ್ತರದ ಸೈನ್ಯಕ್ಕೆ ಗಾಡಿ ಸಪ್ಲೈ, ಪಶ್ಚಿಮಕ್ಕೆ ವಲಸೆ ಹೋಗೋರಿಗೆ ಗಾಡಿ, ಹತ್ತೊಂಬತ್ತನೇ ಶತಮಾನ ಮುಗಿಯೋಷ್ಟರಲ್ಲಿ ಪ್ರಪಂಚದಲ್ಲೇ ದೊಡ್ಡ ಗಾಡಿ ಕಂಪನಿ ಅಂತ ಹೆಸರಾಯ್ತು.

ಚಿಕ್ಕಪ್ಪ ಇಲ್ಲಿಂದ ಬೇಗ ಏಳ್ಲೇ ಇಲ್ಲ. ಒಂದು ಗಾಡಿ ಗಾಲಿ ಹತ್ರ ಬಗ್ಗಿ, ಕನ್ನಡಕ ಮೇಲೇರಿಸಿ, ಮರದ ವೃತ್ತಕ್ಕೂ ಕಬ್ಬಿಣದ ಪಟ್ಟೆಗೂ ಮಧ್ಯೆ ಇರೋ ಗೆರೆ ನೋಡ್ತಾ, "ಇಲ್ಲಿ ನೋಡೋ, ಉಗುರು ಹೋಗೋಷ್ಟೂ ಸಂದಿ ಇಲ್ಲ. ಪಟ್ಟೆನ ಗಾಲಿಗಿಂತ ಒಂಚೂರು ಚಿಕ್ಕದು ಮಾಡಿ, ಕೆಂಪಗೆ ಕಾಯ್ಸಿ, ಹಿಗ್ಗಿದಾಗ ಕೂರಿಸಿ ನೀರು ಹಾಕ್ತಾರೆ, ಬಿಗಿದುಕೊಳ್ಳುತ್ತೆ. ನಮ್ ತಾತನ ಎತ್ತಿನ ಗಾಡಿಗೂ ಇದೇ" ಅಂದ್ರು. ಹೌದು, ತುಮಕೂರು ಕಡೆ ಕಮ್ಮಾರರು ಮಾಡ್ತಿದ್ದ ಕೆಲ್ಸನೇ ಇದು. ವ್ಯತ್ಯಾಸ ಏನಂದ್ರೆ ಇವರು ಅದನ್ನ ಫ್ಯಾಕ್ಟರಿ ಲೆವೆಲಲ್ಲಿ, ಸಾವಿರಗಟ್ಟಲೆ ಗಾಲಿಗೆ ಮಾಡಿದ್ರು.

ಅದೇ ಕಡೆ ಪ್ರೆಸಿಡೆಂಟುಗಳ ಗಾಡಿಗಳೂ ಇವೆ, ಸ್ಟುಡಿಬೇಕರ್ ಮನೆಯೋರೇ ಹುಡುಕಿ ಕೊಂಡು ಸೇರಿಸಿಟ್ಟಿದ್ದು. ಅದರಲ್ಲಿ ಒಂದರ ಮುಂದೆ ಎಲ್ರೂ ನಿಂತೇ ನಿಲ್ತಾರೆ: 1865ರ ಏಪ್ರಿಲ್ 14ರ ರಾತ್ರಿ ಅಬ್ರಹಾಂ ಲಿಂಕನ್ ಫೋರ್ಡ್ಸ್ ಥಿಯೇಟರಿಗೆ ಹೋಗಿದ್ದು ಇದೇ ಗಾಡೀಲಿ. ಮಡಚೋ ಟಾಪು, ಹತ್ತೋಕೆ ಮೆಟ್ಟಿಲು. ವಾಷಿಂಗ್ಟನ್‌ನಲ್ಲಿ ಇರ್ಬೇಕಾದ ವಸ್ತು ಇಲ್ಲಿ ಇಂಡಿಯಾನಾದ ಒಂದು ಸಣ್ಣ ಊರಲ್ಲಿ ಇದೆ, ಇದೊಂದಕ್ಕೇ ಟಿಕೆಟ್ ದುಡ್ಡು ವಸೂಲು.

ಇನ್ನು ಕಾರುಗಳು. ಇವತ್ತು ಎಲೆಕ್ಟ್ರಿಕ್ ಕಾರ್ ಹೊಸದು ಅಂತ ಎಲ್ರೂ ಮಾತಾಡ್ತೀವಿ, ಸ್ಟುಡಿಬೇಕರ್ 1902ರಲ್ಲಿ ಮಾರೋಕೆ ಶುರು ಮಾಡಿದ ಮೊದಲ ಕಾರೇ ಎಲೆಕ್ಟ್ರಿಕ್! ಎರಡನೇದನ್ನ ಕೊಂಡೋರು ಥಾಮಸ್ ಎಡಿಸನ್. 1904ಕ್ಕೆ ಪೆಟ್ರೋಲ್ ಕಾರ್ ಬಂತು, ಆದ್ರೆ ಸುಮಾರು ವರ್ಷ ಬೇರೆ ಕಂಪನಿಗಳ ಜೊತೆ ಸೇರ್ಕೊಂಡು ಮಾಡ್ತಿದ್ರು, ಪೂರ್ತಿ ತಮ್ಮದೇ ಕಾರ್ ಅಂತ ಆಗಿದ್ದು 1913ರ ಹೊತ್ತಿಗೆ. ಅಣ್ಣತಮ್ಮಂದಿರಲ್ಲಿ ಕಾರಿನ ಕಾಲ ಸರಿಯಾಗಿ ನೋಡೋಷ್ಟು ದಿನ ಬದುಕಿದ್ದು ಆ ತಳ್ಳುಗಾಡಿ ಜಾನ್ ಒಬ್ಬರೇ, 1917ರಲ್ಲಿ ಹೋದ್ರು, ಕಾರಿನ ಕಡೆ ಕಂಪನಿನ ತಳ್ಳಿದ್ದು ಅವರ ಅಳಿಯ ಫ್ರೆಡ್ರಿಕ್ ಫಿಶ್. ನಂಗೆ ಈ ಭಾಗ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಆಗ ಅಮೆರಿಕದಲ್ಲಿ ಸಾವಿರಾರು ಗಾಡಿ ಕಂಪನಿ ಇದ್ವು, ಅವುಗಳಲ್ಲಿ ಕಾರಿಗೆ ದಾಟಿ ದೊಡ್ಡದಾಗಿ ನಿಂತಿದ್ದು ಅಂದ್ರೆ ಇದೊಂದೇ ಅನ್ನಬಹುದು. ಟೆಕ್ನಾಲಜಿ ಬದಲಾದ್ರೆ ಹಳೇ ಕಂಪನಿ ಸಾಯುತ್ತೆ ಅಂತ ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ಹೇಳ್ತಾರಲ್ಲ, ಇವರು ಅದರಿಂದ ಸಾಯಲಿಲ್ಲ. ಇವರನ್ನ ಸಾಯಿಸಿದ್ದು ಬೇರೆ, ದುಡ್ಡಿನ ಲೆಕ್ಕ.

ಮೊದಲನೇ ಏಟು 1930ರ ದಶಕದಲ್ಲಿ. ಆಲ್ಬರ್ಟ್ ಅರ್ಸ್ಕಿನ್ ಅಂತ ಪ್ರೆಸಿಡೆಂಟ್ ಇದ್ರು, ತಮ್ಮ ಹೆಸರಲ್ಲೇ ಒಂದು ಸಣ್ಣ ಕಾರ್ ತಂದ್ರು, ನಡೀಲಿಲ್ಲ. 1928ರಲ್ಲಿ ಪಿಯರ್ಸ್ ಆ್ಯರೋ ಅನ್ನೋ ಶ್ರೀಮಂತರ ಕಾರ್ ಕಂಪನಿ ಕೊಂಡ್ರು. ಮಹಾ ಆರ್ಥಿಕ ಕುಸಿತ ಶುರುವಾದಾಗ ಇದೇನು ಜಾಸ್ತಿ ದಿನ ಇರಲ್ಲ ಬಿಡಿ ಅಂತ ನಂಬಿ, ಲಾಭ ಬಿದ್ದು ಹೋಗ್ತಿದ್ರೂ ಷೇರುದಾರರಿಗೆ ಡಿವಿಡೆಂಡ್ ಹಂಚ್ತಾನೇ ಹೋದ್ರು, ಲಾಭಕ್ಕಿಂತ ಹಲವು ಪಟ್ಟು, ಅಂದ್ರೆ ಮನೆಯ ಮೂಲ ಗಂಟನ್ನೇ ಕರಗಿಸಿ ಹಂಚಿದ್ರು. ನೋಟ್ರ ಡೇಮ್ ಯೂನಿವರ್ಸಿಟಿ ಇರೋದೂ ಇದೇ ಊರ ಪಕ್ಕದಲ್ಲಿ, ಅಲ್ಲಿನ ಫುಟ್ಬಾಲ್ ಕೋಚ್ ನ್ಯೂಟ್ ರಾಕ್ನಿ ದೇಶಕ್ಕೇ ಹೀರೋ, ಅವರನ್ನ ಕಂಪನಿ ಪ್ರಚಾರಕ್ಕೆ ಸೇರಿಸ್ಕೊಂಡ್ರು, 1931ರ ಮಾರ್ಚ್‌ನಲ್ಲಿ ವಿಮಾನ ಬಿದ್ದು ಅವರು ತೀರ್ಕೊಂಡ್ರು, ಅವರ ಹೆಸರಲ್ಲಿ ಬಂದ ರಾಕ್ನಿ ಕಾರು ಎರಡು ವರ್ಷವೂ ಸರಿಯಾಗಿ ನಡೀಲಿಲ್ಲ. 1933ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂದು ಕೋರ್ಟು ನೇಮಿಸಿದೋರ ಕೈಗೆ ಹೋಯ್ತು, ಜುಲೈನಲ್ಲಿ ಅರ್ಸ್ಕಿನ್ ಆತ್ಮಹತ್ಯೆ ಮಾಡ್ಕೊಂಡ್ರು. ಹೆರಾಲ್ಡ್ ವ್ಯಾನ್ಸ್, ಪಾಲ್ ಹಾಫ್‌ಮನ್ ಅಂತ ಒಳಗಿನೋರೇ ಇಬ್ರು ಹೊಣೆ ಹೊತ್ಕೊಂಡು, ಪಿಯರ್ಸ್ ಆ್ಯರೋ ಮಾರಿ, ಫ್ಯಾಕ್ಟರಿ ಮತ್ತೆ ಓಡಿಸಿದ್ರು. ಅಷ್ಟು ಆಳಕ್ಕೆ ಬಿದ್ದ ಕಾರ್ ಕಂಪನಿ ಮತ್ತೆ ಎದ್ದಿದ್ದು ಆ ಕಾಲದಲ್ಲಿ ತೀರಾ ಅಪರೂಪ.

ಎದ್ದ ಮೇಲೆ ಬಂದಿದ್ದು ಅವರ ಒಳ್ಳೇ ಕಾರುಗಳು. ಈಗ ನಮ್ಮಲ್ಲಿ ಹಿಲ್ ಹೋಲ್ಡ್ ಅಂತ ಬ್ರೋಷರಲ್ಲಿ ದೊಡ್ಡದಾಗಿ ಹಾಕ್ತಾರಲ್ಲ, ಏರಲ್ಲಿ ಗಾಡಿ ಹಿಂದಕ್ಕೆ ಜಾರದಂಗೆ ಹಿಡಿಯೋದು, ಅದನ್ನ ಸ್ಟುಡಿಬೇಕರ್ 1936ರಲ್ಲೇ ಕೊಟ್ಟಿತ್ತು, ಕ್ಲಚ್ ಒತ್ತಿರೋವರೆಗೂ ಬ್ರೇಕ್ ಪ್ರೆಷರ್ ಬಿಡದಂಗೆ, ಒಂದೇ ಒಂದು ಸೆನ್ಸರ್ ಇಲ್ದೇ. 1939ರ ಚಾಂಪಿಯನ್ ಹಗುರ, ಪೆಟ್ರೋಲ್ ಕಮ್ಮಿ ಕುಡಿಯೋ ಆರು ಸಿಲಿಂಡರ್ ಕಾರು, ಡಿಸೈನ್ ರೇಮಂಡ್ ಲೋವಿ ಅನ್ನೋ ಹೆಸರಾಂತ ಡಿಸೈನರ್ ಆಫೀಸಿಂದು. ಎರಡನೇ ಮಹಾಯುದ್ಧದ ಟೈಮಲ್ಲಿ ಬಾಂಬರ್ ವಿಮಾನದ ರೈಟ್ ಸೈಕ್ಲೋನ್ ಇಂಜಿನ್ 60,000ಕ್ಕಿಂತ ಜಾಸ್ತಿ ಮಾಡಿದ್ರು, ಯುಎಸ್6 ಟ್ರಕ್ ಸುಮಾರು ಎರಡು ಲಕ್ಷ, ಅದರಲ್ಲಿ ಹೆಚ್ಚಿನವು ರಷ್ಯಾಗೆ ಹೋದ್ವು, ಕತ್ಯೂಷಾ ರಾಕೆಟ್ ಹಾರಿಸಿದ್ದು ಎಷ್ಟೋ ಸಲ ಈ ಟ್ರಕ್ಕಿನ ಬೆನ್ನ ಮೇಲಿಂದನೇ. ಹಿಮದಲ್ಲಿ ಓಡೋ ವೀಸೆಲ್ ಅನ್ನೋ ಪಟ್ಟಿ ಚಕ್ರದ ಗಾಡಿನೂ ಇವರದೇ, ಮ್ಯೂಸಿಯಂ ಕೆಳಮಹಡೀಲಿ ಇದೆ, ಮಕ್ಕಳಿಗೆ ತೋರ್ಸಿ.

ಯುದ್ಧ ಮುಗಿದ ಮೇಲೆ ಎಲ್ರಿಗಿಂತ ಮೊದಲು ಪೂರ್ತಿ ಹೊಸ ಡಿಸೈನ್ ಕಾರು ರೋಡಿಗೆ ತಂದ ದೊಡ್ಡ ಕಂಪನಿ ಇವರೇ. ಜನ ಮುಂದೆ ಯಾವುದು ಹಿಂದೆ ಯಾವುದು ಅಂತ ಕೇಳ್ತಿದ್ರಂತೆ, ಅಷ್ಟು ಹಿಂದಿನ ಗಾಜು ಸುತ್ತಿಕೊಂಡಿರುತ್ತೆ. 1950ರ ಮಾಡಲ್‌ನಲ್ಲಿ ಮೂತಿ ಮಧ್ಯೆ ಗುಂಡಿನ ತುದಿ ತರ ಚೂಪಾಗಿ ಎದ್ದಿರುತ್ತೆ, ಫೋಟೋದಲ್ಲಿ ವಿಚಿತ್ರ ಅನ್ಸುತ್ತೆ, ಎದುರಿಗೆ ನಿಂತ್ರೆ ಚೆನ್ನಾಗಿದೆ. ನಮ್ ದೇಶಕ್ಕೂ ಇದಕ್ಕೂ ಒಂದು ನಂಟಿದೆ, ಅಂಬಾಸಡರ್ ಬರೋಕೆ ಮುಂಚೆ ಹಿಂದೂಸ್ತಾನ್ ಮೋಟಾರ್ಸ್‌ನೋರು ಸ್ಟುಡಿಬೇಕರ್ ಕಾರುಗಳನ್ನ ಬಿಡಿ ಭಾಗ ತರಿಸಿ ಇಂಡಿಯಾದಲ್ಲಿ ಜೋಡಿಸ್ತಿದ್ರು. ಚಿಕ್ಕಪ್ಪಂಗೆ ಆ ಹೆಸರು ಕೇಳಿದ ನೆನಪಿತ್ತು, ಕಾರು ನೋಡಿದ್ದು ಮಾತ್ರ ಇಲ್ಲೇ ಮೊದಲು.

ನನ್ನ ಪ್ರಕಾರ ಇಡೀ ಮ್ಯೂಸಿಯಮ್ಮಿನಲ್ಲಿ ಅತಿ ಸುಂದರವಾದ ಕಾರು 1953ರ ಸ್ಟಾರ್‌ಲೈನರ್ ಅನ್ನೋ ಎರಡು ಬಾಗಿಲಿನ ಕೂಪೆ. ಲೋವಿ ಆಫೀಸಿನ ರಾಬರ್ಟ್ ಬೋರ್ಕ್ ಗೆರೆ ಹಾಕಿದ್ದು. ಆ ಕಾಲದ ಬೇರೆ ಅಮೆರಿಕನ್ ಕಾರುಗಳ ಮೈತುಂಬ ಕ್ರೋಮು, ಇದರಲ್ಲಿ ಬೇಕಾದಷ್ಟೇ ಇದೆ, ಎತ್ತರ ಕಮ್ಮಿ, ಬಾನೆಟ್ ಇಳಿಜಾರು, ನಡುಗಂಬ ಇಲ್ದೇ ಇರೋ ಕಿಟಕಿ. ಆದ್ರೆ ಕಂಪನಿ ಎಡವಿದ್ದೂ ಇದೇ ಕಾರಲ್ಲಿ. ಜನ ಕೂಪೆ ಬೇಕು ಅಂತ ಕ್ಯೂ ನಿಂತ್ರು, ಪ್ಲಾನಿಂಗ್‌ನೋರು ಸೆಡಾನ್ ಜಾಸ್ತಿ ಹೋಗುತ್ತೆ ಅಂತ ಅದನ್ನೇ ಜಾಸ್ತಿ ಮಾಡೋಕೆ ಸಿದ್ಧ ಮಾಡ್ಕೊಂಡಿದ್ರು, ಅದೇ ಗೆರೆಗಳನ್ನ ಸೆಡಾನ್ ಮೇಲೆ ಎಳೆದಾಗ ಕಾರು ಮೊಂಡಾಗಿ ಕಾಣ್ತಿತ್ತು, ಯಾರಿಗೂ ಬೇಡ. ಜೊತೆಗೆ ಮುಂದಿನ ಶೀಟ್ ಮೆಟಲ್ ಸರಿಯಾಗಿ ಕೂರ್ದೇ ಲೈನ್ ನಿಂತು ನಿಂತು ಓಡ್ತು. ಚಿಕ್ಕಪ್ಪ ಇದನ್ನ ಕೇಳಿ, "ಶೀಟ್ ಒತ್ತೋ ಡೈ ಪಕ್ಕಾ ಆಗೋಕ್ ಮುಂಚೆ ಡೇಟ್ ಕೊಟ್ಬಿಟ್ರೆ ಹಿಂಗೇ ಆಗೋದು, ಬೈಸ್ಕೊಳ್ಳೋದು ಮಾತ್ರ ಲೈನಿನ ಹುಡುಗ್ರು" ಅಂದ್ರು, ಅವರ ಧ್ವನಿ ಸ್ವಲ್ಪ ಗಟ್ಟಿಯಾಗೇ ಇತ್ತು. ಅದೇ ಟೈಮಿಗೆ ಫೋರ್ಡು, ಷೆವರ್ಲೆ ಮಧ್ಯೆ ನಾನಾ ನೀನಾ ಅಂತ ರೇಟ್ ಯುದ್ಧ ಶುರುವಾಯ್ತು, ಡೀಲರುಗಳ ಮೇಲೆ ಕಾರು ಸುರಿದು ಡಿಸ್ಕೌಂಟ್ ಮೇಲೆ ಡಿಸ್ಕೌಂಟ್, ಅವರಿಬ್ಬರ ಜಗಳದಲ್ಲಿ ಪೆಟ್ಟು ತಿಂದಿದ್ದು ಚಿಕ್ಕ ಕಂಪನಿಗಳು. 1954ರಲ್ಲಿ ಸೌತ್ ಬೆಂಡ್ ಕಾರ್ಮಿಕರು ತಮ್ಮ ಸಂಬಳ ಕಮ್ಮಿ ಮಾಡ್ಕೊಳ್ಳೋಕೆ ತಾವೇ ವೋಟ್ ಹಾಕಿ ಒಪ್ಪಿದ್ರು. ಇದನ್ನ ಓದಿದಾಗ ಸಂಕಟ ಆಯ್ತು, ಯಾಕಂದ್ರೆ ಮುಂದೇನಾಯ್ತು ಅಂತ ನಂಗೆ ಗೊತ್ತಿತ್ತು.

ಅದೇ ವರ್ಷ ಅಕ್ಟೋಬರಲ್ಲಿ ಪ್ಯಾಕರ್ಡ್ ಇವರನ್ನ ಕೊಂಡಿತು. ಪ್ಯಾಕರ್ಡ್ ಅಂದ್ರೆ ನಮ್ಮ ಮಹಾರಾಜರುಗಳೂ ಇಷ್ಟಪಟ್ಟ ಬ್ರ್ಯಾಂಡು, ಕೈಯಲ್ಲಿ ದುಡ್ಡಿತ್ತು. ಆದ್ರೆ ಕೊಂಡ್ಕೊಳ್ಳೋ ಮುಂಚೆ ಸ್ಟುಡಿಬೇಕರ್ ಲೆಕ್ಕದ ಪುಸ್ತಕನ ಗಟ್ಟಿಯಾಗಿ ನೋಡ್ಲಿಲ್ಲ. ವರ್ಷಕ್ಕೆ ಇಷ್ಟು ಕಾರ್ ಮಾರಿದ್ರೆ ಅಸಲು ಅಂತ ಹೇಳಿದ್ದು ಒಂದು, ನಿಜವಾಗಿ ಬೇಕಿದ್ದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಪ್ಯಾಕರ್ಡ್ ಸ್ಟುಡಿಬೇಕರನ್ನ ಉಳಿಸಲಿಲ್ಲ, ತಾನೇ ಮೊದಲು ಸತ್ತಿತು, 1958ಕ್ಕೆ ಆ ಹೆಸರಿನ ಕಾರೇ ನಿಂತೋಯ್ತು. 1956ರ ಪ್ಯಾಕರ್ಡ್ ಪ್ರಿಡಿಕ್ಟರ್ ಅನ್ನೋ ಶೋ ಕಾರು ಇಲ್ಲಿದೆ, ಮುಂದಿನ ಪ್ಯಾಕರ್ಡ್ ಹಿಂಗಿರುತ್ತೆ ಅಂತ ತೋರ್ಸೋಕೆ ಮಾಡಿದ್ದು. ಅದು ಬರ್ಲೇ ಇಲ್ಲ.

1959ರಲ್ಲಿ ಲಾರ್ಕ್ ಬಂದು ಸ್ವಲ್ಪ ಉಸಿರು ಕೊಡ್ತು. ಹೊಸ ಕಾರು ಮಾಡೋಷ್ಟು ದುಡ್ಡಿಲ್ಲ, 1953ರ ಬಾಡಿಯ ನಡುಭಾಗ ಹಂಗೇ ಇಟ್ಕೊಂಡು ಮುಂದೆ ಹಿಂದೆ ಕತ್ತರಿಸಿ ಚಿಕ್ಕ ಕಾರ್ ಮಾಡಿದ್ರು, ಹಿಟ್ ಆಯ್ತು, ಕಂಪನಿಗೆ ಲಾಭ ಬಂತು. ಇದ್ದಿದ್ರಲ್ಲಿ ಹೊಂದಿಸಿ ಮಾಡೋ ಇಂಥ ಎಂಜಿನಿಯರಿಂಗ್ ಮೇಲೆ ನಂಗೆ ಗೌರವ ಜಾಸ್ತಿ. ಆದ್ರೆ ಮರುವರ್ಷವೇ ಫೋರ್ಡ್ ಫಾಲ್ಕನ್, ಷೆವರ್ಲೆ ಕಾರ್ವೇರ್, ಕ್ರೈಸ್ಲರ್ ಕಂಪನಿಯ ವೇಲಿಯಂಟ್ ಮೂರೂ ಒಟ್ಟಿಗೆ ಬಂದ್ವು, ಲಾರ್ಕ್ ಮಾರಾಟ ಇಳೀತು. ಕೊನೇ ಆಟವಾಗಿ ಷೆರ್ವುಡ್ ಎಗ್ಬರ್ಟ್ ಅನ್ನೋ ಹೊಸ ಪ್ರೆಸಿಡೆಂಟ್ 1961ರಲ್ಲಿ ಲೋವಿನ ಮತ್ತೆ ಕರೆಸಿ ಅವಾಂಟಿ ಮಾಡಿಸಿದ್ರು. ಪಾಮ್ ಸ್ಪ್ರಿಂಗ್ಸ್‌ನ ಒಂದು ಮನೇಲಿ ಮೂರು ಜನ ಡಿಸೈನರುಗಳು ಕೂತು ಕೆಲವೇ ವಾರದಲ್ಲಿ ಆಕಾರ ಕೊಟ್ಟ ಕಾರು ಅದು, ಮುಂದೆ ಗ್ರಿಲ್ಲೇ ಇಲ್ಲ, ಫೈಬರ್ ಗ್ಲಾಸ್ ಬಾಡಿ, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು. ಇವತ್ತು ರೋಡಿಗೆ ಬಿಟ್ರೂ ಹಳೇದು ಅನ್ಸಲ್ಲ. ಆದ್ರೆ ಓಹಾಯೋದಿಂದ ಬರ್ಬೇಕಿದ್ದ ಫೈಬರ್ ಬಾಡಿಗಳು ಸರಿಯಾಗಿ ಜೋಡಣೆ ಆಗ್ದೇ ತಿಂಗಳುಗಟ್ಟಲೆ ಲೇಟ್ ಆಯ್ತು, ಬುಕ್ ಮಾಡಿದೋರು ಬೇರೆ ಕಾರ್ ತಗೊಂಡ್ರು. ಒಟ್ಟು ಆಗಿದ್ದು ಐದು ಸಾವಿರವೂ ಮುಟ್ಟಲಿಲ್ಲ. ವಿಶೇಷ ಅಂದ್ರೆ ಕಂಪನಿ ಕೈಬಿಟ್ಟ ಮೇಲೆ ಸೌತ್ ಬೆಂಡ್‌ನದೇ ಇಬ್ರು ಡೀಲರುಗಳು ಇದರ ಹಕ್ಕು ಕೊಂಡ್ಕೊಂಡು, ಹಳೇ ಫ್ಯಾಕ್ಟರಿಯ ಒಂದು ಮೂಲೇಲಿ ಕೈಯಲ್ಲೇ ಅವಾಂಟಿ ಜೋಡಿಸ್ತಾ ವರ್ಷಾನುಗಟ್ಟಲೆ ನಡೆಸಿದ್ರು.

1963ರ ಡಿಸೆಂಬರ್ 9ಕ್ಕೆ ಸೌತ್ ಬೆಂಡ್ ಫ್ಯಾಕ್ಟರಿ ಮುಚ್ತೀವಿ ಅಂತ ಅನೌನ್ಸ್ ಮಾಡಿದ್ರು, ಡಿಸೆಂಬರ್ 20ಕ್ಕೆ ಕೊನೇ ಕಾರು ಲೈನಿಂದ ಇಳೀತು, ಕ್ರಿಸ್‌ಮಸ್‌ಗೆ ಐದೇ ದಿನ. ಸುಮಾರು 7,000 ಜನರ ಕೆಲಸ ಹೋಯ್ತು. ಕೆನಡಾದ ಹ್ಯಾಮಿಲ್ಟನ್ ಪ್ಲಾಂಟು ಜನರಲ್ ಮೋಟಾರ್ಸ್ ಇಂಜಿನ್ ಹಾಕ್ಕೊಂಡು 1966ರ ಮಾರ್ಚ್‌ವರೆಗೂ ಓಡ್ತು, ಅಲ್ಲಿ ಇಳಿದ ಕಟ್ಟಕಡೇ ಸ್ಟುಡಿಬೇಕರ್, ನೀಲಿಹಸಿರು ಬಣ್ಣದ ಕ್ರೂಸರ್, ಇದೇ ಮ್ಯೂಸಿಯಮ್ಮಲ್ಲಿದೆ. ನೋಡೋಕೆ ಸಾಧಾರಣ ಕಾರು, ಆದ್ರೆ ಕುಲುಮೆಯಿಂದ ಶುರುವಾಗಿ ಇಲ್ಲಿಗೆ ನಿಂತಿದ್ದು.

ಇನ್ನು ಹೋಗೋ ಮುಂಚೆ ಎಲ್ರೂ ತಿಳ್ಕೊಂಡಿರಬೇಕಾದ ವಿಷಯ, ನಾನು ಈ ರಿವ್ಯೂ ಇಷ್ಟು ಉದ್ದ ಬರಿಯೋಕೆ ಕಾರಣನೇ ಇದು. ಫ್ಯಾಕ್ಟರಿ ಮುಚ್ಚಿದಾಗ ಪಿಂಚಣಿ ಫಂಡಲ್ಲಿ ಎಲ್ರಿಗೂ ಕೊಡೋಷ್ಟು ದುಡ್ಡಿರ್ಲಿಲ್ಲ. ಆಗ್ಲೇ ರಿಟೈರ್ ಆಗಿದ್ದೋರು, ಅರವತ್ತು ದಾಟಿದ್ದೋರು ಸೇರಿ ಸುಮಾರು 3,600 ಜನರಿಗೆ ಪೂರ್ತಿ ಸಿಕ್ತು. ನಲವತ್ತರಿಂದ ಐವತ್ತೊಂಬತ್ತರ ಮಧ್ಯೆ ಇದ್ದ ಸುಮಾರು 4,000 ಜನರಿಗೆ ಅವರ ಪಾಲಿನ ಪ್ರತಿ ಡಾಲರಿಗೆ 15 ಸೆಂಟ್ ಲೆಕ್ಕದಲ್ಲಿ ಒಂದೇ ಸಲ ಕೊಟ್ಟು ಕೈತೊಳೆದ್ರು, ಇವರಲ್ಲಿ ಎಷ್ಟೋ ಜನ ಇಪ್ಪತ್ತು ಇಪ್ಪತ್ತೈದು ವರ್ಷ ಮೆಷಿನ್ ಮುಂದೆ ನಿಂತಿದ್ದೋರು. ಉಳಿದ ಸುಮಾರು 2,900 ಜನರಿಗೆ ಏನೂ ಇಲ್ಲ, ಸೊನ್ನೆ. ಇದು ಕಾನೂನಿನ ಪ್ರಕಾರ ತಪ್ಪೂ ಆಗಿರ್ಲಿಲ್ಲ ಆಗ! ಸ್ಟುಡಿಬೇಕರ್ ಕಾರ್ಪೊರೇಷನ್ ಅನ್ನೋ ಕಂಪನಿ ಅಷ್ಟಕ್ಕೆ ಸಾಯಲೂ ಇಲ್ಲ, ಇಂಜಿನ್ ಎಣ್ಣೆಗೆ ಬೆರೆಸೋ ಎಸ್‌ಟಿಪಿ, ಜನರೇಟರು ಅಂತ ಬೇರೆ ಬೇರೆ ಬಿಸಿನೆಸ್ಸು ಇಟ್ಕೊಂಡು 1967ರಲ್ಲಿ ವರ್ಥಿಂಗ್ಟನ್ ಅನ್ನೋ ಕಂಪನಿ ಜೊತೆ ಸೇರ್ಕೊಂಡು ಮುಂದುವರೀತು. ಕಾರ್ಮಿಕ ಸಂಘದೋರು, ಕೆಲವು ಸೆನೆಟರುಗಳು ಹತ್ತು ವರ್ಷ ಇದನ್ನೇ ಹಿಡ್ಕೊಂಡು ಹೋರಾಡಿ 1974ರಲ್ಲಿ ನೌಕರರ ಪಿಂಚಣಿ ಕಾಯೋ ಎರಿಸಾ ಅನ್ನೋ ಕಾನೂನು ಬಂತು, ಪಿಂಚಣಿಗೆ ವಿಮೆ ಕೊಡೋ ಸರ್ಕಾರಿ ಸಂಸ್ಥೆ ಹುಟ್ಟಿತು. ಅಮೆರಿಕದಲ್ಲಿ ಕೆಲಸ ಮಾಡೋ ನಾವು ನೀವು ಕಂಪನಿ ಕೊಡೋ ಬೆನಿಫಿಟ್ಸ್ ಪೇಪರುಗಳಲ್ಲಿ ಎರಿಸಾ ಅನ್ನೋ ಹೆಸರು ನೋಡಿರ್ತೀವಲ್ಲ, ರಿಟೈರ್ಮೆಂಟಿಗೆ ಅಂತ ಸಂಬಳದಿಂದ ಉಳಿಸೋ 401ಕೆ ಕೂಡ ಇದರಡೀನೇ ಬರುತ್ತೆ, ಅದರ ಹಿಂದೆ ಇರೋದು ಈ ಊರಿನ ಜನರ ಕಣ್ಣೀರು. ಚಿಕ್ಕಪ್ಪಂಗೆ ಈ ಲೆಕ್ಕ ಹೇಳ್ದಾಗ ಮೊದಲು ಕೇಳಿದ್ದು ಒಂದೇ ಪ್ರಶ್ನೆ, "ಐವತ್ತೊಂಬತ್ತು ಆದೋನು ಏನ್ ಮಾಡ್ದ ಹಂಗಾದ್ರೆ?" ನನ್ ಹತ್ರ ಉತ್ತರ ಇರ್ಲಿಲ್ಲ.

ಕೆಳಮಹಡಿ ಬಿಡ್ಬೇಡಿ. ಅಲ್ಲಿ ಸ್ಟೋರೇಜ್ ತರ ಎತ್ತರದ ರ್‍ಯಾಕುಗಳಲ್ಲಿ ಕಾರುಗಳನ್ನ ಒಂದರ ಮೇಲೊಂದು ಇಟ್ಟಿದಾರೆ, ಕೆಳಗಿಂದ ಚಾಸಿ, ಆಕ್ಸಲ್, ಸ್ಪ್ರಿಂಗು ಎಲ್ಲ ಕಾಣುತ್ತೆ, ಮೆಕ್ಯಾನಿಕಲ್ ಓದಿದೋರಿಗೆ ಹಬ್ಬ. ಕಾರು ಮುಟ್ಟಿ, ಸೀಟಲ್ಲಿ ಕೂತು ಫೋಟೋ ತೆಗೀಬೇಕು ಅನ್ನೋ ಆಸೆ ಇದ್ರೆ ಅದಕ್ಕೆ ಇದು ಜಾಗ ಅಲ್ಲ, ಓದ್ಕೊಂಡು ನಿಧಾನ ನೋಡೋ ಮ್ಯೂಸಿಯಂ. ಒಂದು ಗಂಟೇಲಿ ಮುಗಿಸ್ತೀನಿ ಅಂತ ಹೋದ್ರೆ ಕಾರಿನ ಬಣ್ಣ ನೋಡ್ಕೊಂಡು ಬರ್ತೀರ ಅಷ್ಟೇ, ಅರ್ಧ ದಿನ ಇಟ್ಕೊಳ್ಳಿ. ಅದೇ ಕ್ಯಾಂಪಸ್ಸಲ್ಲಿ ಊರಿನ ಹಿಸ್ಟರಿ ಮ್ಯೂಸಿಯಂ ಇದೆ, ನೇಗಿಲು ಮಾಡಿ ಶ್ರೀಮಂತರಾದ ಆಲಿವರ್ ಮನೆಯೋರ ದೊಡ್ಡ ಬಂಗಲೆನೂ ಇದೆ, ನಮ್ ಮನೆ ಹೆಂಗಸರಿಗೆ ಕಾರಿಗಿಂತ ಅದೇ ಹಿಡಿಸ್ತು.

ಟೈಮ್ ಉಳಿದ್ರೆ ಊರಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಬೆಂಡಿಕ್ಸ್ ವುಡ್ಸ್ ಪಾರ್ಕಿಗೆ ಹೋಗಿ. ಅದು 1926ರಲ್ಲಿ ಕಂಪನಿ ಕಾರು ಟೆಸ್ಟ್ ಮಾಡೋಕೆ ಮಾಡ್ಕೊಂಡಿದ್ದ ಮೈದಾನದ ಒಂದು ಭಾಗ, 1930ರ ದಶಕದ ಕೊನೇಲಿ ಅಲ್ಲಿ ಸ್ಟುಡಿಬೇಕರ್ ಅನ್ನೋ ಹೆಸರು ಮೇಲಿಂದ ಓದೋ ಹಂಗೆ ಸಾವಿರಾರು ಪೈನ್ ಮರ ನೆಟ್ಟಿದಾರೆ. ಕೆಳಗೆ ನಿಂತ್ರೆ ಬರೀ ತೋಪು, ಹೋಗೋ ಮುಂಚೆ ಸ್ಯಾಟಲೈಟ್ ಮ್ಯಾಪಲ್ಲಿ ನೋಡ್ಕೊಂಡು ಹೋಗಿ. ಹಳೇ ಕಾರಿನ ರುಚಿ ಹತ್ತಿದೋರು ಇನ್ನೊಂದು ವೀಕೆಂಡ್ ಆಬರ್ನ್ ಊರಿಗೂ ಹೋಗಬಹುದು, ಅದೂ ಇಂಡಿಯಾನಾನೇ, ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಅನ್ನೋ ಮೂರು ಬ್ರ್ಯಾಂಡಿನ ಕಾರುಗಳನ್ನ ಅವರದೇ ಹಳೇ ಶೋರೂಮಲ್ಲಿ ಇಟ್ಟಿದಾರೆ.

ಚಿಕಾಗೋದಿಂದ ಹೋಗೋರಿಗೆ ಒಂದು ಮಾತು, ಸೌತ್ ಬೆಂಡ್ ಈಸ್ಟರ್ನ್ ಟೈಮಲ್ಲಿದೆ, ನಮಗಿಂತ ಒಂದು ಗಂಟೆ ಮುಂದೆ. ಟಿಕೆಟ್ ರೇಟು, ಬಾಗಿಲು ಮುಚ್ಚೋ ಟೈಮು ಅವರ ಸೈಟಲ್ಲಿ ನೋಡ್ಕೊಂಡು, ಬೆಳಗ್ಗೆ ತಿಂಡಿ ಮನೇಲೇ ಮುಗಿಸಿ ಬೇಗ ಹೊರಡಿ, ಪುಳಿಯೋಗರೆ ಕಟ್ಕೊಂಡ್ರೆ ಬೆಂಡಿಕ್ಸ್ ವುಡ್ಸಲ್ಲಿ ಕೂತು ತಿನ್ನೋಕೆ ಜಾಗ ಚೆನ್ನಾಗಿದೆ.